ಅಳಿಸಿದ ಕುಕಿಗಳು ಮತ್ತೆ ಬರುವುದೇಕೆ?

ಸಾತಬಾರಾ ಉತಾರ ತೆಗೆಯುವುದರಿಂದ ಹಿಡಿದು ಸೊಲ್ಲಾಪುರ ಪೇಟೆಯ ಉಳ್ಳಾಗಡ್ಡಿ ಧಾರಣೆ ನೋಡುವವರೆಗೆ ಜತ್ತ ತಾಲೂಕಿನ ನಮ್ಮ ಕಡೆಯ ರೈತರಿಗೂ ಈಗ ಕಂಪ್ಯೂಟರಿನ ಕೆಲಸ ಬಿದ್ದಿದೆ. ಕೆಲಸದ ಜೊತೆಗೆ ಅದರ ಕಾಟಗಳೂ ಬಂದಿವೆ. ಅಂಥದೊಂದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಹೋದ ದ್ರಾಕ್ಷಿ ಸುಗ್ಗಿಯಲ್ಲಿ ನೆರೆಯ ತೋಟದ ಹಿರಿಯರೊಬ್ಬರು ಗಾಬರಿಯಿಂದ ನಮ್ಮಲ್ಲಿಗೆ ಬಂದರು. ಮಗ ಊರಿಗೆ ಬಂದಾಗ ಅವರ ಕಂಪ್ಯೂಟರಿನಲ್ಲಿ ಕಸ ಗುಡಿಸುವ ಒಂದು ತಂತ್ರಾಂಶ ಹಾಕಿ ಹೋಗಿದ್ದ. ಅದನ್ನು ನಡೆಸಿ ಕುಕಿಗಳನ್ನೆಲ್ಲ ಅಳಿಸಿದ್ದರು. ಮರುಗಳಿಗೆಗೆ ಬ್ರೌಸರ್ ತೆರೆದರೆ ಇಪ್ಪತ್ತಕ್ಕೂ ಮಿಕ್ಕಿ ಕುಕಿಗಳು ಕುಳಿತಿದ್ದವು. ಹೆಚ್ಚಿನವು ಅವರು ಎಂದೂ ಕೇಳದ ಹೆಸರಿನವು. "ಗುರುಗಳ, ಯಾರೋ ಒಳಗ ಹೊಕ್ಕಾರ. ದ್ರಾಕ್ಷಿ ರೊಕ್ಕ ಎಲ್ಲಾ ಬ್ಯಾಂಕಿನ್ಯಾಗ ಐತ್ರಿ" ಎಂದರು. ಪರದೆಯ ಮೇಲೆ ಮೂಡಿದ್ದ ಯಾವುದೋ ಸಹಾಯದ ನಂಬರಿಗೆ ಫೋನು ಹಚ್ಚುವವರಿದ್ದರು. "ಕಾಕಾ, ಮೊದಲ ಫೋನ ಕೆಳಗ ಇಡ್ರಿ" ಎಂದೆವು.

ಕುಕಿ ಎಂದರೆ ಒಂದು ಚೀಟಿ, ಅಷ್ಟೇ. ಅಡತಿ ಅಂಗಡಿಯವನು ನಮ್ಮ ಕೈಗೆ ನಂಬರಿನ ಚೀಟಿ ಕೊಟ್ಟು, ಲೆಕ್ಕವನ್ನು ತನ್ನ ವಹಿಯಲ್ಲಿ ಇಟ್ಟುಕೊಳ್ಳುವಂತೆ, ನಾವು ತೆರೆದ ತಾಣವು ಒಂದು ಚಿಕ್ಕ ಬರಹವನ್ನು ನಮ್ಮ ಬ್ರೌಸರಿಗೆ ಕೊಡುತ್ತದೆ. ಮುಂದಿನ ಸಲ ಅದನ್ನು ತೋರಿಸಿದರೆ ತಾಣಕ್ಕೆ ನಮ್ಮ ಗುರುತು ಹತ್ತುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿ ಎಂಬವರು ಈ ಏರ್ಪಾಡನ್ನು ಮಾಡಿದರು. ಚೀಟಿ ತಾನಾಗಿ ಓಡಾಡುವುದಿಲ್ಲ, ಯಾವ ಕೆಲಸವನ್ನೂ ಮಾಡುವುದಿಲ್ಲ. ಆದ್ದರಿಂದ ಅಳಿಸಿದ ಕುಕಿ ಮತ್ತೆ ಕಂಡಿತೆಂದರೆ ಯಾರು ತಂದಿಟ್ಟರು ಎಂದು ಹುಡುಕಬೇಕು. ಜೇಕಿನ ಹೊಲದಲ್ಲಿ ಎಡೆಕುಂಟೆ ಹೊಡೆದರೆ ಮೇಲಿನ ಹುಲ್ಲು ಹೋಗುತ್ತದೆ, ಗಡ್ಡೆ ನೆಲದಲ್ಲೇ ಉಳಿಯುತ್ತದೆ. ಇಲ್ಲಿಯೂ ಗಡ್ಡೆ ಎಲ್ಲಿದೆಯೆಂಬುದೇ ಪ್ರಶ್ನೆ.

ಅದಕ್ಕೆ ಒಂದು ಸುಲಭ ಪರೀಕ್ಷೆಯುಂಟು. ಬ್ರೌಸರನ್ನು ಪೂರ್ತಿ ಮುಚ್ಚಿ, ಇಂಟರ್ನೆಟ್ ಸಂಪರ್ಕ ತೆಗೆದು, ಶುಚಿ ತಂತ್ರಾಂಶವನ್ನು ನಡೆಸಬೇಕು. ಸಂಪರ್ಕ ಕೊಡದೆಯೇ ಬ್ರೌಸರ್ ತೆರೆದು, ಸೆಟ್ಟಿಂಗ್ಸ್‌ನ ಪ್ರೈವೆಸಿ ಭಾಗದಲ್ಲಿ ಕುಕಿಗಳ ಪಟ್ಟಿ ನೋಡಬೇಕು. ಪಟ್ಟಿ ಬರಿದಾಗಿದ್ದರೆ ತಂತ್ರಾಂಶ ತನ್ನ ಕೆಲಸ ಮಾಡಿದೆ. ಸಂಪರ್ಕ ಕೊಟ್ಟೊಡನೆ ತಾಣಗಳು ಹೊಸ ಚೀಟಿ ಕೊಡುತ್ತಿವೆ. ಪಟ್ಟಿ ತುಂಬಿಯೇ ಇದ್ದರೆ ಅವು ಅಳಿಯಲೇ ಇಲ್ಲ.

ಅಳಿಯದಿರಲು ಮುಖ್ಯ ಕಾರಣ, ನಾವು ಮುಚ್ಚಿದೆವೆಂದು ತಿಳಿದ ಬ್ರೌಸರ್ ಮುಚ್ಚಿರುವುದಿಲ್ಲ. ಕಿಟಕಿ ಹೋದರೂ ಕ್ರೋಮ್ ಹಿನ್ನೆಲೆಯಲ್ಲಿ ನಡೆಯುವ ಒಂದು ಆಯ್ಕೆಯಿದೆ. ಎಡ್ಜ್‌ನಲ್ಲಿ ಸ್ಟಾರ್ಟಪ್ ಬೂಸ್ಟ್ ಎಂಬುದಿದೆ. ಬ್ರೌಸರಿನ ಕೈಯಲ್ಲಿರುವ ಕಡತವನ್ನು ಹೊರಗಿನ ತಂತ್ರಾಂಶ ಸರಿಯಾಗಿ ಅಳಿಸಲಾರದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ನಡೆಯುತ್ತಿರುವ ಕೆಲಸಗಳ ಪಟ್ಟಿ ಕಾಣುತ್ತದೆ. ಅದರಲ್ಲಿ ಬ್ರೌಸರಿನ ಹೆಸರಿದ್ದರೆ ನಿಲ್ಲಿಸಿ, ಆಮೇಲೆ ಗುಡಿಸತಕ್ಕದ್ದು. ಇನ್ನೊಂದು ಸಂಗತಿ: ಸಿಸಿಕ್ಲೀನರಿನಂಥವುಗಳಲ್ಲಿ ಉಳಿಸಿಕೊಳ್ಳಬೇಕಾದ ಕುಕಿಗಳ ಬೇರೆ ಪಟ್ಟಿಯೇ ಇರುತ್ತದೆ. ಅದರಲ್ಲಿ ಹೆಸರಿದ್ದ ಕುಕಿ ಎಷ್ಟು ಸಲ ಗುಡಿಸಿದರೂ ಹೋಗುವುದಿಲ್ಲ.

ಹೊಸದಾಗಿ ಬರುವವುಗಳ ಕಥೆ ದೊಡ್ಡದು. ಹಿಂದಿನ ಸಲ ಬಿಟ್ಟ ಪುಟಗಳನ್ನೇ ಮತ್ತೆ ತೆರೆಯುವಂತೆ ಬ್ರೌಸರನ್ನು ಇಟ್ಟಿದ್ದರೆ, ತೆರೆದೊಡನೆ ಆ ತಾಣಗಳೆಲ್ಲ ಚೀಟಿ ಕೊಡುತ್ತವೆ. ನಾವು ಒಂದು ಧಾರಣೆಯ ಪುಟ ತೆರೆದರೆ ಅದರ ಅಂಚಿನ ಜಾಹೀರಾತಿನವರು, ಓದುಗರನ್ನು ಎಣಿಸುವವರು, ಹೀಗೆ ನಾವು ಕರೆಯದ ಹಲವರು ತಮ್ಮ ತಮ್ಮ ಚೀಟಿ ಇಟ್ಟು ಹೋಗಬಲ್ಲರು. ಕಾಕಾ ಅವರು ಕಂಡ ಅಪರಿಚಿತ ಹೆಸರುಗಳು ಹೆಚ್ಚಾಗಿ ಇವೇ. ಇವುಗಳಿಗೆ ಥರ್ಡ್ ಪಾರ್ಟಿ ಕುಕಿ ಎನ್ನುತ್ತಾರೆ. ಸಫಾರಿ ಬ್ರೌಸರ್ 2020ರಲ್ಲಿ ಇವನ್ನು ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2022ರಲ್ಲಿ ಒಂದು ತಾಣದ ಚೀಟಿ ಇನ್ನೊಂದರಲ್ಲಿ ನಡೆಯದಂತೆ ಬೇರೆ ಬೇರೆ ಡಬ್ಬಿಯಲ್ಲಿ ಇಡತೊಡಗಿತು. ಕ್ರೋಮ್‌ನಿಂದ ಇವನ್ನು ತೆಗೆದುಹಾಕುತ್ತೇವೆಂದು 2020ರಲ್ಲಿ ಹೇಳಿದ ಗೂಗಲ್ 2024ರಲ್ಲಿ ಆ ಮಾತನ್ನು ಕೈಬಿಟ್ಟಿತು. ಜಾಹೀರಾತಿನಿಂದಲೇ ಬದುಕುವ ಸಂಸ್ಥೆಗೆ ಅವಸರವಾದರೂ ಯಾಕಿದ್ದೀತು! ಕ್ರೋಮ್ ಬಳಸುವವರು ಪ್ರೈವೆಸಿ ಭಾಗಕ್ಕೆ ಹೋಗಿ ತಾವೇ ತಡೆಯಬೇಕು.

ಗೂಗಲ್ ಖಾತೆಯಿಂದ ಕ್ರೋಮ್‌ಗೆ ಸೈನ್ ಇನ್ ಆಗಿದ್ದರೆ ಗೂಗಲ್ಲಿನ ಕುಕಿಗಳು ಮರಳಿ ಹುಟ್ಟುವುದುಂಟು. 2018ರ ಕ್ರೋಮ್ 69ರಲ್ಲಿ ಎಲ್ಲ ಕುಕಿ ಅಳಿಸೆಂದರೂ ಗೂಗಲ್ಲಿನವು ಉಳಿಯುತ್ತಿದ್ದವು. ಜನ ಗಲಾಟೆ ಮಾಡಿದ ಮೇಲೆ ಮುಂದಿನ ಆವೃತ್ತಿಯಲ್ಲಿ ತಿದ್ದಿದರು.

ಹಾಗಾದರೆ ಹೆದರಬೇಕಾದದ್ದು ಏನೂ ಇಲ್ಲವೇ? ಇದೆ. ಮೊದಲ ಪುಟ ತಾನಾಗಿ ಬದಲಾದರೆ, ಹುಡುಕಿದ್ದು ಬೇರೆಲ್ಲೋ ಒಯ್ದರೆ, ನಾವು ಹಾಕದ ಎಕ್ಸ್‌ಟೆನ್ಷನ್ ಕಂಡರೆ ಅದನ್ನು ತೆಗೆದು, ವಿಂಡೋಸ್ ಸೆಕ್ಯುರಿಟಿಯಿಂದ ಪೂರ್ತಿ ತಪಾಸಣೆ ಮಾಡಿಸಬೇಕು. ಗುಡಿಸುವ ತಂತ್ರಾಂಶವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2017ರಲ್ಲಿ ಸಿಸಿಕ್ಲೀನರ್ 5.33 ಆವೃತ್ತಿಯೊಳಗೇ ಕಳ್ಳರು ಕೆಟ್ಟ ಸಂಕೇತ ಸೇರಿಸಿದ್ದರು; ಸುಮಾರು 22 ಲಕ್ಷ 70 ಸಾವಿರ ಬಳಕೆದಾರರಲ್ಲಿ ಅದು ಹೊಕ್ಕಿತ್ತು. ಲಾಗಿನ್ ಆಗಿರುವಾಗಿನ ಕುಕಿ ಕಳುವಾದರೆ ಪಾಸ್‌ವರ್ಡ್ ಇಲ್ಲದೆಯೂ ಖಾತೆಯೊಳಗೆ ಹೋಗಬಹುದು. ಆದ್ದರಿಂದ ಹತ್ತು ಜನ ಕೂರುವ ಸೇವಾ ಕೇಂದ್ರದ ಕಂಪ್ಯೂಟರಿನಲ್ಲಿ ಕಿಟಕಿ ಮುಚ್ಚಿ ಎದ್ದು ಬರತಕ್ಕದ್ದಲ್ಲ, ಲಾಗ್ ಔಟ್ ಮಾಡಿಯೇ ಏಳಬೇಕು.

ಪರದೆಯ ಮೇಲಿನ ನಂಬರಿಗಂತೂ ಎಂದೂ ಫೋನು ಮಾಡಬೇಡಿರಿ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರು ಕೊಡುವುದಿಲ್ಲ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಮತ್ತು ತಮ್ಮ ಬ್ಯಾಂಕಿಗೆ ತಿಳಿಸಬೇಕು.

ಕಾಕಾ ಅವರ ಮನೆಗೆ ಹೋಗಿ ಪರೀಕ್ಷೆ ಮಾಡಿದೆವು. ಸಂಪರ್ಕ ತೆಗೆದು ಗುಡಿಸಿದಾಗ ಪಟ್ಟಿ ಬರಿದೇ ಇತ್ತು. ಸಂಪರ್ಕ ಕೊಟ್ಟೊಡನೆ ಹಿಂದಿನ ದಿನದ ನಾಲ್ಕು ಪುಟಗಳು ತಾವಾಗಿ ತೆರೆದವು, ಅವುಗಳ ಹಿಂದೆಯೇ ಕುಕಿಗಳೂ ಬಂದವು. ಹೆದರಿಸುವ ನಂಬರು ಮೂಡಿದ್ದೂ ಅವುಗಳಲ್ಲೊಂದು ಸಿನೆಮಾ ಪುಟದಲ್ಲಿಯೇ. ಪುಟಗಳು ಮರಳಿ ತೆರೆಯುವ ಆಯ್ಕೆಯನ್ನು ಬದಲಿಸಿ, ಥರ್ಡ್ ಪಾರ್ಟಿಯವನ್ನು ತಡೆದು, ಇನ್ನೊಮ್ಮೆ ಅಳಿಸಿದೆವು. ಉಳಿದವು ಮೂರು, ಮೂರೂ ಅವರ ಮೇಲ್ ಖಾತೆಯವು. ಅವನ್ನೂ ಅಳಿಸಿರೆಂದು ಕಾಕಾ ಹಟ ಹಿಡಿದರು. ಪಾಸ್‌ವರ್ಡ್ ನೆನಪಿದೆಯೇ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವು ಇರ್ಲಿ ಬಿಡ್ರಿ" ಎಂದರು.