ಗುಜರಾತಿನ ಬಟ್ಟೆ, ವೆಸ್ಟ್‌ಮಿನ್‌ಸ್ಟರಿನ ಮತ

ಯೂರೋಪಿನ ಪಾರ್ಲಿಮೆಂಟುಗಳಲ್ಲಿ ವ್ಯಾಪಾರ ಮತ್ತು ವಿದೇಶಾಂಗ ವಿಷಯಗಳ ಮೇಲೆ ನಡೆಯುವ ಚರ್ಚೆಗಳು ನಮ್ಮ ಓದುಗರಿಗೆ ದೂರದ ಸಂಗತಿಯಾಗಿ ತೋರಿದರೂ, ಸೂರತ್, ಅಹಮದಾಬಾದ್ ಮತ್ತು ವಡೋದರಾ ನಗರಗಳ ಆರ್ಥಿಕ ಇತಿಹಾಸವನ್ನು ಆ ಚರ್ಚೆಗಳನ್ನು ಬಿಟ್ಟು ಬರೆಯಲಾಗದು. ಈ ಊರುಗಳಲ್ಲಿ ಏನನ್ನು ನೇಯಬೇಕು, ಅದನ್ನು ಎಲ್ಲಿ ಮಾರಬಹುದು, ಅದರ ಮೇಲೆ ಎಷ್ಟು ಸುಂಕ ಬೀಳಬೇಕು ಎಂಬುದನ್ನು ಇಲ್ಲಿಯ ಒಬ್ಬರೂ ಮತ ಹಾಕಿ ಕಳುಹಿಸದ ಸದಸ್ಯರು ಬಹುಕಾಲ ನಿರ್ಧರಿಸಿದರು. ಆ ಸದನಗಳಲ್ಲಿ ವ್ಯಾಪಾರದ ತತ್ತ್ವ ಕಾಲಕಾಲಕ್ಕೆ ಬದಲಾಯಿತಾದರೂ ಅದರ ವೆಚ್ಚ ಯಾರ ತಲೆಯ ಮೇಲೆ ಬೀಳಬೇಕೆಂಬುದು ಹೆಚ್ಚು ಬದಲಾಗಲಿಲ್ಲ.

1612ರಲ್ಲಿ ಸೂರತ್ತಿನ ಹತ್ತಿರದ ಸುವಾಲಿಯಲ್ಲಿ ಪೋರ್ಚುಗೀಸರನ್ನು ಎದುರಿಸಿ ನಿಂತ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯು ಜಹಾಂಗೀರನ ಫರ್ಮಾನು ಪಡೆದು ಸೂರತ್ತಿನಲ್ಲಿ ಕೋಠಿ, ಅಂದರೆ ದಾಸ್ತಾನು ಮಳಿಗೆಯೂ ಕಚೇರಿಯೂ ಆಗಿದ್ದ ವ್ಯಾಪಾರದ ಮನೆಯನ್ನು ತೆರೆಯಿತು. ಗುಜರಾತಿನ ಹತ್ತಿ ಬಟ್ಟೆ, ಅದರಲ್ಲೂ ಬಣ್ಣ ಹಾಕಿ ಅಚ್ಚೊತ್ತಿದ ಬಟ್ಟೆ, ಹಗುರವಾಗಿ, ತೊಳೆದರೂ ಬಣ್ಣ ಬಿಡದೆ, ಅಗ್ಗವಾಗಿ ದೊರೆಯುತ್ತಿದ್ದುದರಿಂದ ಆ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನ ಶ್ರೀಮಂತರ ಮನೆಯಿಂದ ಹಿಡಿದು ಮನೆಗೆಲಸದವರವರೆಗೆ ಎಲ್ಲರಿಗೂ ಅದು ಬೇಕಾಯಿತು. ಇದರಿಂದ ಹೊಟ್ಟೆಗೆ ಪೆಟ್ಟು ಬಿದ್ದ ಅಲ್ಲಿಯ ಉಣ್ಣೆ ಮತ್ತು ರೇಷ್ಮೆ ನೇಕಾರರು 1697ರಲ್ಲಿ ಗುಂಪುಗೂಡಿ ಪಾರ್ಲಿಮೆಂಟಿನ ಬಾಗಿಲಿಗೆ ಬಂದದ್ದಲ್ಲದೆ ಕಂಪನಿಯ ಕಚೇರಿಯ ಮೇಲೂ ಏರಿಹೋದರು. 1700ರಲ್ಲಿ ಪಾರ್ಲಿಮೆಂಟು ಭಾರತದ ಬಣ್ಣದ ಹಾಗೂ ಅಚ್ಚಿನ ಹತ್ತಿ ಬಟ್ಟೆಯನ್ನು ಇಂಗ್ಲೆಂಡಿನೊಳಗೆ ಬಳಸುವುದನ್ನು ನಿಷೇಧಿಸಿತು. ಬಿಳಿಯ ಬಟ್ಟೆಯನ್ನು ತರಿಸಿ ಲಂಡನ್ನಿನಲ್ಲೇ ಅಚ್ಚೊತ್ತುವ ದಾರಿ ಉಳಿದುಕೊಂಡಿದ್ದರಿಂದ ಗಲಭೆ ಮತ್ತೆ ಎದ್ದು, 1719ರಲ್ಲಿ ಸ್ಪಿಟಲ್‌ಫೀಲ್ಡ್ಸಿನ ನೇಕಾರರು ಬೀದಿಯಲ್ಲಿ ಹೆಂಗಸರ ಮೈಮೇಲಿನ ಅಚ್ಚಿನ ಬಟ್ಟೆಯನ್ನೇ ಹರಿದರು. 1721ರ ಎರಡನೆಯ ಕಾಯಿದೆ, 1722ರ ಕ್ರಿಸ್ಮಸ್‌ನಿಂದ ಜಾರಿಗೆ ಬರುವಂತೆ, ಅಚ್ಚಿನ ಹತ್ತಿ ಬಟ್ಟೆಯನ್ನು ಉಟ್ಟವರಿಗೂ ಮಾರಿದವರಿಗೂ ದಂಡ ವಿಧಿಸಿತು. ಹೀಗೆ ಗುಜರಾತಿನ ಬಣ್ಣಗಾರನ ಕೈಕೆಲಸವನ್ನು ಮೈಮೇಲೆ ಹಾಕಿಕೊಳ್ಳುವುದೇ ಇಂಗ್ಲೆಂಡಿನಲ್ಲಿ ಅಪರಾಧವಾಯಿತು. ಆ ಗೋಡೆಯ ಮರೆಯಲ್ಲಿ ಬೆಳೆದ ಬ್ರಿಟನ್ನಿನ ಹತ್ತಿ ಉದ್ಯಮ ತನ್ನ ಕಾಲ ಮೇಲೆ ನಿಂತಾಗ, 1774ರಲ್ಲಿ, ಅಲ್ಲಿಯೇ ತಯಾರಾದ ಹತ್ತಿ ಬಟ್ಟೆಗೆ ಪಾರ್ಲಿಮೆಂಟು ಅನುಮತಿ ಕೊಟ್ಟಿತು.

ನೂರು ವರ್ಷಗಳ ನಂತರ ಅದೇ ಸದನ ಮುಕ್ತ ವ್ಯಾಪಾರದ ಹೆಸರಿನಲ್ಲಿ ಅಹಮದಾಬಾದಿನ ಕಡೆಗೆ ತಿರುಗಿತು. ಅಲ್ಲಿ ಮೊದಲ ಗಿರಣಿಯನ್ನು ಕಟ್ಟಿದವರು ರಣಛೋಡಲಾಲ್ ಛೋಟಾಲಾಲ್. ಅವರು ಯಂತ್ರಗಳನ್ನು ಇಂಗ್ಲೆಂಡಿನಲ್ಲಿದ್ದ ದಾದಾಭಾಯಿ ನವರೋಜಿಯವರ ಮೂಲಕ ತರಿಸಿಕೊಂಡರು. ರೈಲು ಇನ್ನೂ ಬಂದಿರದ ಕಾರಣ ಆ ಭಾರಿ ಕಬ್ಬಿಣದ ಸಾಮಾನು ಖಂಭಾತ್ ಬಂದರಿನಲ್ಲಿ ಇಳಿದು ಎತ್ತಿನ ಗಾಡಿಗಳ ಮೇಲೆ ಊರು ಸೇರಿತು. 1861ರಲ್ಲಿ ಗಿರಣಿ ನೂಲಲಾರಂಭಿಸಿತು. ಮುಂದಿನ ವರ್ಷಗಳಲ್ಲಿ ಭಾರತ ಸರ್ಕಾರ ಆದಾಯಕ್ಕಾಗಿ ಆಮದಾಗುವ ಬಟ್ಟೆಯ ಮೇಲೆ ಶೇಕಡಾ 5ರಷ್ಟು ಸುಂಕ ವಿಧಿಸುತ್ತಿತ್ತು. ಇಷ್ಟು ಸಣ್ಣ ಸುಂಕವೂ ಭಾರತದ ಗಿರಣಿಗಳಿಗೆ ರಕ್ಷಣೆ ಕೊಡುತ್ತದೆ ಎಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ದೂರಿದರು. ಲ್ಯಾಂಕಾಷೈರ್‌ನ ಸದಸ್ಯರ ಮತಗಳನ್ನು ಯಾವ ಪಕ್ಷವೂ ಕಳೆದುಕೊಳ್ಳಲು ಸಿದ್ಧವಿರಲಿಲ್ಲ. 1877ರ ಜುಲೈನಲ್ಲಿ ಕಾಮನ್ಸ್ ಸಭೆ, ಭಾರತದ ಹಣಕಾಸು ಅವಕಾಶ ಕೊಟ್ಟ ಕೂಡಲೇ ಈ ಸುಂಕವನ್ನು ರದ್ದುಗೊಳಿಸಬೇಕೆಂಬ ನಿರ್ಣಯವನ್ನು ಅಂಗೀಕರಿಸಿತು. 1879ರಲ್ಲಿ ವೈಸ್‌ರಾಯ್ ಲಿಟನ್ ತನ್ನ ಕೌನ್ಸಿಲಿನ ಬಹುಮತವನ್ನು ಬದಿಗೊತ್ತಿ ಒರಟು ಬಟ್ಟೆಯ ಸುಂಕವನ್ನು ತೆಗೆದುಹಾಕಿದನು. 1882ರಲ್ಲಿ ಉಳಿದುದೂ ಹೋಯಿತು.

ಬೊಕ್ಕಸ ಬರಿದಾಗಿ 1894ರಲ್ಲಿ ಆಮದು ಸುಂಕ ಮರಳಿ ಬಂದಾಗ ನಡೆದದ್ದು ಇನ್ನೂ ಕಠೋರವಾದದ್ದು. ಲ್ಯಾಂಕಾಷೈರ್‌ಗೆ ನಷ್ಟವಾಗಬಾರದೆಂದು, ಭಾರತದ ಗಿರಣಿಗಳಲ್ಲಿ ತಯಾರಾಗುವ ನೂಲಿನ ಮೇಲೂ ಸಮನಾದ ಅಬಕಾರಿ ಸುಂಕವನ್ನು, ಎಂದರೆ ದೇಶದೊಳಗಿನ ಉತ್ಪಾದನೆಯ ಮೇಲಿನ ತೆರಿಗೆಯನ್ನು, ಹಾಕಲಾಯಿತು. ಮೊದಲು ಇದು 20ನೇ ನಂಬರಿಗಿಂತ ಮೇಲಿನ ನೂಲಿಗೆ ಮಾತ್ರ ಅನ್ವಯಿಸಿತು. ನೂಲಿನ ನಂಬರ್ ಎಂದರೆ ಒಂದು ಪೌಂಡ್ ತೂಕದಲ್ಲಿ 840 ಗಜ ಉದ್ದದ ಎಷ್ಟು ಲಡಿಗಳಿವೆ ಎಂಬ ಲೆಕ್ಕ. ನಂಬರ್ ಏರಿದಷ್ಟೂ ನೂಲು ಸಣ್ಣದಾಗುತ್ತದೆ. ಅಷ್ಟಕ್ಕೂ ತೃಪ್ತರಾಗದ ಲ್ಯಾಂಕಾಷೈರ್‌ನವರ ಪರವಾಗಿ 1895ರ ಫೆಬ್ರುವರಿಯಲ್ಲಿ ಕಾಮನ್ಸ್ ಸಭೆಯಲ್ಲಿ ನಿಲುವಳಿ ಸೂಚನೆ ಬಂತು. ಭಾರತ ಮಂತ್ರಿ ಹೆನ್ರಿ ಫೌಲರ್ ಅದನ್ನು ವಿರೋಧಿಸುತ್ತಾ, ಈ ಸದನದ ಪ್ರತಿಯೊಬ್ಬ ಸದಸ್ಯನೂ ಭಾರತದ ಸದಸ್ಯನೇ ಎಂಬರ್ಥದ ಮಾತನ್ನಾಡಿ ದೊಡ್ಡ ಬಹುಮತದಿಂದ ಗೆದ್ದರು. ಮಾತು ಉದಾತ್ತವಾಗಿತ್ತು, ಆದರೆ ಅದರ ಬೆಲೆ ಒಂದೇ ವರ್ಷದಲ್ಲಿ ತಿಳಿಯಿತು. ಸರ್ಕಾರ ಬದಲಾಗಿ, 1896ರಲ್ಲಿ ಆಮದು ಬಟ್ಟೆಯ ಸುಂಕ ಶೇಕಡಾ ಮೂರೂವರೆಗೆ ಇಳಿಯಿತು ಮತ್ತು ಅಷ್ಟೇ ಪ್ರಮಾಣದ ಅಬಕಾರಿ ಭಾರತದ ಗಿರಣಿಗಳಲ್ಲಿ ನೇಯ್ದ ಎಲ್ಲ ಬಟ್ಟೆಯ ಮೇಲೆ ಬಿತ್ತು. ಲ್ಯಾಂಕಾಷೈರ್ ಸಣ್ಣ ನೂಲಿನ ನಯವಾದ ಬಟ್ಟೆಯನ್ನು ಕಳುಹಿಸುತ್ತಿದ್ದರೆ ಭಾರತದ ಗಿರಣಿಗಳ ಬಹುಪಾಲು ಸರಕು ರೈತರೂ ಕೂಲಿಗಳೂ ಉಡುವ ಒರಟು ಬಟ್ಟೆಯಾಗಿತ್ತು. ಪೈಪೋಟಿಯೇ ಇಲ್ಲದ ಆ ಬಟ್ಟೆಗೂ ತೆರಿಗೆ ಬಿದ್ದದ್ದನ್ನು ಯಾವ ಆರ್ಥಿಕ ತತ್ತ್ವದಿಂದಲೂ ಸಮರ್ಥಿಸಲಾಗದು. ಈ ಅಬಕಾರಿ ತೊಲಗಲು 1926ರವರೆಗೆ ಕಾಯಬೇಕಾಯಿತು.

ವಡೋದರಾದ ಸಂಬಂಧ ಬೇರೆ ಬಗೆಯದು. ದೇಶೀ ಸಂಸ್ಥಾನವಾಗಿದ್ದ ಬರೋಡಾದ ವ್ಯವಹಾರವನ್ನು ಬ್ರಿಟಿಷ್ ಭಾರತ ಸರ್ಕಾರ ತನ್ನ ವಿದೇಶಾಂಗ ಇಲಾಖೆಯ ಮೂಲಕ ನಡೆಸುತ್ತಿತ್ತು. 1874ರಲ್ಲಿ ಅಲ್ಲಿ ದಿವಾನರಾದ ದಾದಾಭಾಯಿಯವರು ಆಡಳಿತವನ್ನು ಸರಿಪಡಿಸಲು ಹೊರಟು, ಬ್ರಿಟಿಷ್ ಪ್ರತಿನಿಧಿಯಾದ ರೆಸಿಡೆಂಟನ ವಿರೋಧವನ್ನೂ ಆಸ್ಥಾನದ ಒಳಜಗಳವನ್ನೂ ಎದುರಿಸಿ, ಮರುವರ್ಷದ ಆರಂಭದಲ್ಲಿ ಹುದ್ದೆ ಬಿಟ್ಟರು. ಅದೇ 1875ರ ಏಪ್ರಿಲ್‌ನಲ್ಲಿ ಅಲ್ಲಿಯ ಅರಸ ಮಲ್ಹಾರರಾವ್ ಗಾಯಕವಾಡರನ್ನು ಪದಚ್ಯುತಗೊಳಿಸಲಾಯಿತು. ಭಾರತದ ಭವಿಷ್ಯ ಎಲ್ಲಿ ತೀರ್ಮಾನವಾಗುತ್ತದೋ ಅಲ್ಲಿಯೇ ಕುಳಿತು ವಾದಿಸಬೇಕೆಂದು ನಂಬಿದ ದಾದಾಭಾಯಿ 1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಿಂದ ಕೇವಲ ಐದು ಮತಗಳ ಅಂತರದಿಂದ ಕಾಮನ್ಸ್ ಸಭೆಗೆ ಆಯ್ಕೆಯಾದರು. 1895ರ ಚುನಾವಣೆಯಲ್ಲಿ ಅವರು ಸೋತರಾದರೂ, ಭಾರತದ ಸಂಪತ್ತು ಬ್ರಿಟನ್ನಿಗೆ ಸೋರಿಹೋಗುತ್ತಿದೆ ಎಂಬ ವಾದವನ್ನು ಅಂಕಿಅಂಶಗಳ ಸಮೇತ ಆ ಸದನದೊಳಗೆ ಒಯ್ದ ಕೀರ್ತಿ ಅವರದೇ.

ಇಂದು ಯೂರೋಪಿನ ಒಕ್ಕೂಟದ 27 ದೇಶಗಳ ಜನರು ನೇರವಾಗಿ ಆರಿಸುವ ಯೂರೋಪಿಯನ್ ಪಾರ್ಲಿಮೆಂಟು ಇಂಥ ಚರ್ಚೆಯ ಮುಖ್ಯ ವೇದಿಕೆ. 2009ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದದ ನಂತರ, ಒಕ್ಕೂಟ ಮಾಡಿಕೊಳ್ಳುವ ವ್ಯಾಪಾರ ಒಪ್ಪಂದಗಳಿಗೆ ಈ ಸದನದ ಸಮ್ಮತಿ ಬೇಕೇ ಬೇಕು. ಸದನ ಒಪ್ಪಂದವನ್ನು ತಿದ್ದಲಾರದು, ಒಪ್ಪಬಹುದು ಇಲ್ಲವೆ ತಳ್ಳಿಹಾಕಬಹುದು. 2012ರಲ್ಲಿ ನಕಲಿ ಸರಕಿನ ವಿರುದ್ಧದ ಅಂತರರಾಷ್ಟ್ರೀಯ ಒಪ್ಪಂದವನ್ನು ಅದು ತಳ್ಳಿಹಾಕಿದ್ದರಿಂದ ಈ ಅಧಿಕಾರ ಹೆಸರಿಗಷ್ಟೇ ಇರುವುದಲ್ಲ ಎಂಬುದು ಖಚಿತವಾಯಿತು. 2007ರಲ್ಲಿ ಆರಂಭವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಶುರುವಾದ ಭಾರತ ಮತ್ತು ಯೂರೋಪಿನ ಮುಕ್ತ ವ್ಯಾಪಾರ ಮಾತುಕತೆಯ ಫಲವೂ ಇದೇ ಬಾಗಿಲನ್ನು ದಾಟಬೇಕು. ಬಾಂಗ್ಲಾದೇಶದ ಉಡುಪು ಸುಂಕವಿಲ್ಲದೆ ಯೂರೋಪನ್ನು ಸೇರುತ್ತಿರುವಾಗ ತಮ್ಮ ಸರಕಿಗೆ ಸುಂಕ ಬೀಳುವುದನ್ನು ಕಂಡಿರುವ ಭಾರತದ ಜವಳಿ ಉದ್ಯಮದವರಿಗೆ ಇದು ನಿತ್ಯದ ಲೆಕ್ಕದ ವಿಷಯ.

ಆದರೆ ನಿರ್ಬಂಧಗಳ ವಿಚಾರದಲ್ಲಿ ಈ ಸದನಕ್ಕೆ ಅಷ್ಟು ಬಲವಿಲ್ಲ. ಜಗತ್ತಿನ ಬಹುಪಾಲು ವಜ್ರಗಳು ಸೂರತ್ತಿನ ಕಾರ್ಖಾನೆಗಳಲ್ಲಿ ಸಾಣೆ ಹಿಡಿಸಿಕೊಳ್ಳುತ್ತವೆ ಮತ್ತು ಅವುಗಳಿಗೆ ಬೇಕಾದ ಕಚ್ಚಾ ಹರಳುಗಳ ಒಂದು ದೊಡ್ಡ ಪಾಲು ರಷ್ಯಾದ ಗಣಿಗಳಿಂದ ಬರುತ್ತಿತ್ತು. ಉಕ್ರೇನ್ ಯುದ್ಧದ ಬಳಿಕ ರಷ್ಯಾದ ವಜ್ರಗಳನ್ನು ತಡೆಯಬೇಕೆಂದು ಯೂರೋಪಿಯನ್ ಪಾರ್ಲಿಮೆಂಟು ಠರಾವು ಮಾಡಿತಾದರೂ, ತೀರ್ಮಾನ ಸದಸ್ಯ ದೇಶಗಳ ಸರ್ಕಾರಗಳು ಕೂಡುವ ಪರಿಷತ್ತಿನದು. 2023ರ ಡಿಸೆಂಬರಿನಲ್ಲಿ ಪರಿಷತ್ತು ನಿಷೇಧವನ್ನು ಅಂಗೀಕರಿಸಿ, 2024ರ ಮಾರ್ಚ್‌ನಿಂದ ಬೇರೆ ದೇಶದಲ್ಲಿ ಹೊಳಪು ಪಡೆದ ರಷ್ಯಾದ ಹರಳುಗಳಿಗೂ ಹಂತಹಂತವಾಗಿ ವಿಸ್ತರಿಸಿತು. ಅಂದಿನಿಂದ ಹರಳು ಯಾವ ಗಣಿಯದೆಂಬ ದಾಖಲೆ ಒದಗಿಸುವ ಹೊಣೆ ಯೂರೋಪಿಗೆ ಮಾರುವವರ ಮೇಲೆ ಬಿದ್ದಿದೆ; ಬೇಡಿಕೆ ಮೊದಲೇ ಕುಸಿದಿದ್ದ ಮಾರುಕಟ್ಟೆಯಲ್ಲಿ ಆ ಹೆಚ್ಚಿನ ಭಾರ ಕೊನೆಗೆ ಇಳಿಯುವುದು, ಒಂದೊಂದು ಹರಳಿಗೆ ಇಷ್ಟೆಂದು ಕೂಲಿ ಪಡೆಯುವ ಕೆಲಸಗಾರನ ಮೇಲೆ.