ಸ್ಕಾಟ್ ಮಹಾಶಯನೂ ಅವನ ‘ಬರಲಿರುವ’ ಗ್ರಂಥಗಳೂ

‘ಇದೇ ಗ್ರಂಥಕರ್ತರ ಮುಂದಿನ ಕಾದಂಬರಿ, ಅಚ್ಚಿನಲ್ಲಿದೆ’ ಎಂಬ ಸಾಲನ್ನು ಪುಸ್ತಕಗಳ ಕೊನೆಯ ಪುಟದಲ್ಲಿ ವಾಚಕರು ಅನೇಕ ವೇಳೆ ಕಂಡಿರಬಹುದು. ಕಥೆಯ ರುಚಿ ಹತ್ತಿದವರಿಗೆ ಆ ಒಂದು ಸಾಲು ಹಬ್ಬದ ಹಿಂದಿನ ರಾತ್ರಿ ಅಡಿಗೆಯ ಮನೆಯಿಂದ ಬರುವ ಪರಿಮಳದಂತೆ. ಆದರೆ ಆ ಸಾಲಿನ ಹಿಂದೆ ಗ್ರಂಥಕರ್ತನು ಯಾರಿಗೆ ಯಾವ ಮಾತು ಕೊಟ್ಟು, ಎಷ್ಟು ಹಣವನ್ನು ಮುಂಗಡವಾಗಿ ಪಡೆದು ಕುಳಿತಿರುವನೆಂಬುದನ್ನು ನಾವಾರೂ ವಿಚಾರಿಸುವುದಿಲ್ಲ. ಐತಿಹಾಸಿಕ ಕಾದಂಬರಿಗೆ ಇಂಗ್ಲಿಷಿನಲ್ಲಿ ರಾಜಮಾರ್ಗವನ್ನು ಹಾಕಿಕೊಟ್ಟ ಸರ್ ವಾಲ್ಟರ್ ಸ್ಕಾಟನು ಹೀಗೆ ಬರೆಯದ ಪುಸ್ತಕಗಳನ್ನು ಮಾರಿದವನು. ಅದರ ಫಲವನ್ನೂ ಪೂರ್ತಿಯಾಗಿ ಉಂಡವನು. ಆ ಋಣದ ಕಾಲದಲ್ಲಿ ಅವನು ಬರೆದ ಕಥೆಗಳಲ್ಲೊಂದು ನಮ್ಮ ಬೆಂಗಳೂರಿನಲ್ಲಿಯೇ ಮುಗಿಯುತ್ತದೆಂಬುದು ಕನ್ನಡಿಗರಲ್ಲಿ ಬಹುಮಂದಿಗೆ ತಿಳಿದಂತಿಲ್ಲ. ಅದಕ್ಕಾಗಿಯೇ ಈ ಲೇಖನ.

ಸ್ಕಾಟನ ಹೆಸರು ನಮಗೆ ತೀರ ಹೊಸದಲ್ಲ. ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದ ಬಂಕಿಮಚಂದ್ರರನ್ನು ವಂಗದೇಶದ ಸ್ಕಾಟನೆಂದು ಕರೆದವರುಂಟು. ನಾವು ಉಪಾಧ್ಯಾಯರಾಗಿದ್ದಾಗ ಸಂಸ್ಕೃತದ ಪಾಠ ಬೇಗ ಮುಗಿದ ದಿನಗಳಲ್ಲಿ ‘ಐವನ್‌ಹೋ’ವಿನ ಕಥೆಯನ್ನು ಹುಡುಗರಿಗೆ ಹೇಳುತ್ತಿದ್ದೆವು. ಶಬ್ದರೂಪಾವಳಿಗೆ ತೂಕಡಿಸುತ್ತಿದ್ದವರು ಆಗ ಸೆಟೆದು ಕೂರುತ್ತಿದ್ದರು.

ಆತನು ಹುಟ್ಟಿದ್ದು 1771ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ಶೈಶವದಲ್ಲಿ ಬಂದ ವ್ಯಾಧಿಯಿಂದ ಬಲಗಾಲು ಕುಂಟಾಯಿತು. ನ್ಯಾಯಶಾಸ್ತ್ರವನ್ನು ಓದಿ ಅಧಿಕಾರದಲ್ಲಿ ನಿಂತನು. ಊರೂರು ತಿರುಗಿ ಲಾವಣಿಗಳನ್ನು ಸಂಗ್ರಹಿಸಿದನು. ತಾನೂ ಕಥನಕಾವ್ಯಗಳನ್ನು ಬರೆದು ಹೆಸರಾದನು. 1814ರಲ್ಲಿ ‘ವೇವರ್ಲಿ’ ಎಂಬ ಕಾದಂಬರಿಯು ಕರ್ತೃವಿನ ಹೆಸರಿಲ್ಲದೆ ಹೊರಬಿದ್ದಿತು. ಅರ್ಧ ಬರೆದು ಬಿಟ್ಟಿದ್ದ ಹಸ್ತಪ್ರತಿಯು ಮೀನು ಹಿಡಿಯುವ ಸಾಮಗ್ರಿಯನ್ನು ಹುಡುಕುವಾಗ ಕೈಗೆ ಸಿಕ್ಕಿತೆಂದು ಆತನೇ ಹೇಳಿಕೊಂಡಿದ್ದಾನೆ. ಅಲ್ಲಿಂದ ಮುಂದೆ ಹೆಚ್ಚುಕಡಮೆ ವರ್ಷಕ್ಕೊಂದು, ಕೆಲವು ವರ್ಷ ಎರಡು ಗ್ರಂಥಗಳು ಬಂದುವು. ಎಲ್ಲವೂ ‘ವೇವರ್ಲಿಯ ಕರ್ತೃ’ವಿನವೇ, ಹೆಸರು ಮಾತ್ರ ಇಲ್ಲ. 1819ರ ಕೊನೆಯಲ್ಲಿ ಬಂದ ‘ಐವನ್‌ಹೋ’ವಿನ ಮೊದಲ ಮುದ್ರಣದ 10,000 ಪ್ರತಿಗಳು ಕೆಲವು ದಿನಗಳಲ್ಲಿಯೇ ತೀರಿಹೋದುವು.

ಹಣವು ಬಂದಂತೆ ಟ್ವೀಡ್ ನದಿಯ ದಡದಲ್ಲಿ ಭೂಮಿಯನ್ನು ಕೊಂಡು ಅಬಟ್ಸ್‌ಫರ್ಡ್ ಎಂಬ ಕೋಟೆಯಂತಹ ಮನೆಯನ್ನು ಕಟ್ಟಿಸಿದನು. ಇದು ಎಲ್ಲರಿಗೂ ಕಾಣುತ್ತಿದ್ದ ವೆಚ್ಚ. ಕಾಣದಿದ್ದ ಸಂಗತಿ ಬೇರೆ. ಸಹಪಾಠಿಯಾದ ಜೇಮ್ಸ್ ಬ್ಯಾಲಂಟೈನನ ಮುದ್ರಣಾಲಯದಲ್ಲಿ ಸ್ಕಾಟನು ಗುಪ್ತವಾಗಿ ಪಾಲುದಾರನಾಗಿದ್ದನು. ಪ್ರಕಾಶಕನಾದ ಕಾನ್‌ಸ್ಟೆಬಲನು, ಇನ್ನೂ ಆರಂಭಿಸದ, ಹೆಸರನ್ನೂ ಇಡದ ಕಾದಂಬರಿಗಳಿಗಾಗಿ ಹುಂಡಿಗಳನ್ನು ಬರೆದುಕೊಡುವನು. ಅವುಗಳನ್ನು ಇವರು ಪೇಟೆಯಲ್ಲಿ ಮುರಿಸಿ ಹಣ ಮಾಡಿಕೊಳ್ಳುವರು. ಅವನ ಹುಂಡಿಗೆ ಇವರು ಹೊಣೆ, ಇವರ ಹುಂಡಿಗೆ ಅವನು ಹೊಣೆ. ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಆಡುವ ದೊಂಬರಾಟದಂತೆ, ಕೆಳಗಿನವನು ಜಾರುವವರೆಗೆ ನೋಡಲು ಬಲು ಸೊಗಸು. 1826ರ ಜನವರಿಯಲ್ಲಿ ಲಂಡನ್ನಿನ ಒಂದು ವ್ಯಾಪಾರಿಸಂಸ್ಥೆಯು ಬಿದ್ದಿತು. ಅದರೊಡನೆ ಕಾನ್‌ಸ್ಟೆಬಲನೂ, ಮುದ್ರಣಾಲಯವೂ ಬಿದ್ದುವು. ಐವತ್ತುನಾಲ್ಕು ವರ್ಷದ ಸ್ಕಾಟನ ತಲೆಯ ಮೇಲೆ ಸುಮಾರು 1,20,000 ಪೌಂಡುಗಳ ಸಾಲವು ಬಂದು ಕುಳಿತಿತು.

ದಿವಾಳಿಯೆಂದು ಕೈಯೆತ್ತಿದ್ದರೆ ನ್ಯಾಯಸ್ಥಾನವು ಅಷ್ಟಕ್ಕೆ ಬಿಡುತ್ತಿತ್ತು. ಸಹಾಯಕ್ಕೆ ಬಂದ ಮಿತ್ರರೂ ಇದ್ದರು. ಆತನು ಎರಡನ್ನೂ ಒಪ್ಪಲಿಲ್ಲ. ಮುಂದೆ ತಾನು ಬರೆಯುವುದರ ಉತ್ಪನ್ನವೆಲ್ಲ ಸಾಲಿಗರಿಗೇ ಸೇರಲೆಂದು ಪತ್ರ ಬರೆದುಕೊಟ್ಟು, ಕಾಲಾವಕಾಶವೊಂದನ್ನೇ ಬೇಡಿದನು. ಸಂಸ್ಕೃತದಲ್ಲಿ ಸಾಲ ಕೊಟ್ಟವನಿಗೆ ಉತ್ತಮರ್ಣನೆಂದೂ ಪಡೆದವನಿಗೆ ಅಧಮರ್ಣನೆಂದೂ ಹೆಸರು. ಈ ಒಂದು ಪ್ರಸಂಗದಲ್ಲಿ ಯಾರನ್ನು ಉತ್ತಮನೆನ್ನಬೇಕೋ ಕೋಶಕಾರನೇ ಹೇಳಬೇಕು. ಆದರೂ ನಾವು ಪಕ್ಷಪಾತ ಮಾಡಲಾರೆವು. ಗುಟ್ಟಿನ ವ್ಯಾಪಾರಕ್ಕೆ ಕೈಹಾಕಿದವನೂ ಆತನೇ. ಅಬಟ್ಸ್‌ಫರ್ಡನ್ನು ಹಿಂದಿನ ವರ್ಷವೇ ಹಿರಿಯ ಮಗನ ವಿವಾಹಕಾಲದಲ್ಲಿ ಅವನ ಹೆಸರಿಗೆ ಬರೆದಿದ್ದರಿಂದ ಮನೆಯು ಉಳಿದುದೂ ನಿಜ.

ಅದೇ ಮೇ ತಿಂಗಳಲ್ಲಿ ಹೆಂಡತಿ ಷಾರ್ಲಟ್ ತೀರಿಕೊಂಡಳು. ಇದನ್ನು ಓದಿ ಹೇಳಿದಾಗ ನಮ್ಮ ಮನೆಯವರು, “ಮನೆ ಕಟ್ಟುವಾಗ ಆಕೆಯನ್ನು ಯಾರಾದರೂ ಒಂದು ಮಾತು ಕೇಳಿದ್ದರೇ?” ಎಂದರು. ನಾವು ನಿರುತ್ತರರಾದೆವು.

ಸ್ಕಾಟನು ಮತ್ತೆ ಮೇಜಿಗೆ ಕುಳಿತನು. ‘ವುಡ್‌ಸ್ಟಾಕ್’ ಎಂಬ ಕಾದಂಬರಿಗೆ 8,000 ಪೌಂಡುಗಳಿಗೂ ಮಿಗಿಲಾಗಿ ಬಂದಿತು. ಒಂಬತ್ತು ಸಂಪುಟಗಳ ನೆಪೋಲಿಯನ್ ಚರಿತ್ರೆಗೆ 18,000. ಎರಡು ವರ್ಷಗಳಲ್ಲಿ ಸುಮಾರು 40,000 ಪೌಂಡುಗಳು ಸಾಲಿಗರ ಪಾಲಾದುವು. 1827ರ ಫೆಬ್ರವರಿ 23ರಂದು ಎಡಿನ್‌ಬರೋ ನಗರದಲ್ಲಿ ನಟರ ಸಹಾಯನಿಧಿಗಾಗಿ ನಡೆದ ಔತಣದಲ್ಲಿ, ‘ವೇವರ್ಲಿಯ ಕರ್ತೃ’ ತಾನೇ ಎಂದು ಬಹಿರಂಗವಾಗಿ ಒಪ್ಪಿಕೊಂಡನು. ಸಾಲದ ಲೆಕ್ಕಪತ್ರಗಳು ಹೊರಬಿದ್ದ ಮೇಲೆ ಗುಟ್ಟು ಉಳಿಯುವಂತೆಯೂ ಇರಲಿಲ್ಲ.

ಅದೇ 1827ರಲ್ಲಿ ಬಂದ ‘ಕ್ಯಾನನ್‌ಗೇಟಿನ ವೃತ್ತಾಂತಗಳು’ ಎಂಬ ಗ್ರಂಥದಲ್ಲಿ ‘ವೈದ್ಯನ ಮಗಳು’ ಎಂಬ ಕಥೆಯಿದೆ. ಸ್ಕಾಟ್ಲೆಂಡಿನ ಒಂದು ಹಳ್ಳಿಯಲ್ಲಿ ಗ್ರೇ ಎಂಬ ವೈದ್ಯನಿಗೆ ಮೆನೀ ಎಂಬ ಮಗಳು. ಅವನ ಆಶ್ರಯದಲ್ಲಿ ಬೆಳೆದ ರಿಚರ್ಡ್ ಮಿಡಲ್‌ಮಸ್ ಸುಂದರ, ಅಭಿಮಾನಿ, ಧನಲೋಭಿ. ಜೊತೆಯ ಶಿಷ್ಯನಾದ ಹಾರ್ಟ್‌ಲಿ ಮೌನಿ, ಸತ್ಯವಂತ. ಹುಡುಗಿಯ ಮನಸ್ಸು ಹೋದದ್ದು ಮೊದಲಿನವನ ಮೇಲೆ. ಹಾಗಾಗದಿದ್ದರೆ ಕಥೆಯೇ ಇಲ್ಲವಷ್ಟೆ. ರಿಚರ್ಡನು ಹಿಂದೂಸ್ಥಾನಕ್ಕೆ ಬಂದು, ಮದುವೆಯಾಗುವೆನೆಂದು ಆಕೆಯನ್ನು ಕರೆಸಿಕೊಳ್ಳುತ್ತಾನೆ. ನಿಜವಾದ ಸಂಚು ಬೇರೆ: ಆಕೆಯನ್ನು ಟೀಪುವಿಗೆ ಒಪ್ಪಿಸಿ, ಪ್ರತಿಫಲವಾಗಿ ಬೆಂಗಳೂರಿನ ಕಿಲ್ಲೇದಾರಿಯನ್ನು ಪಡೆದು, ಆಮೇಲೆ ಆ ಕೋಟೆಯನ್ನೇ ಇಂಗ್ಲಿಷರಿಗೆ ಬಿಟ್ಟುಕೊಡುವುದು. ಒಂದು ದ್ರೋಹದ ಹೊಟ್ಟೆಯಲ್ಲಿ ಇನ್ನೊಂದು ದ್ರೋಹ. ಮದರಾಸಿನಲ್ಲಿ ವೈದ್ಯನಾಗಿದ್ದ ಹಾರ್ಟ್‌ಲಿಯು ತಾನು ಹಿಂದೆ ಗುಣಪಡಿಸಿದ್ದ ಒಬ್ಬ ಫಕೀರನ ಪರಿಚಯವನ್ನು ಹಿಡಿದು ಹೈದರಲಿಯ ನೆರವನ್ನು ಬೇಡಲು ಶ್ರೀರಂಗಪಟ್ಟಣಕ್ಕೆ ಓಡುತ್ತಾನೆ. ಕೊನೆಗೆ ಬೆಂಗಳೂರಿನ ದರ್ಬಾರಿನಲ್ಲಿ, ವೃದ್ಧ ಫಕೀರನ ವೇಷದಲ್ಲಿದ್ದ ಹೈದರನು ವೇಷವನ್ನು ಕಳಚಿ ನಿಲ್ಲುತ್ತಾನೆ. ಹುಡುಗಿಯನ್ನು ಮಗನ ಕೈಯಿಂದ ಬಿಡಿಸಿ ಹಾರ್ಟ್‌ಲಿಗೆ ಒಪ್ಪಿಸುತ್ತಾನೆ. ರಿಚರ್ಡನಿಗೆ ಕಿಲ್ಲೇದಾರಿಯನ್ನೂ ಕೊಡುತ್ತಾನೆ, ಏರಲು ಆನೆಯನ್ನೂ ತರಿಸುತ್ತಾನೆ. ಅಂಬಾರಿಯ ಕಡೆಗೆ ಅವನು ನಡೆಯುವಷ್ಟರಲ್ಲಿ ಒಂದು ಸನ್ನೆ. ಆನೆಯು ಅವನನ್ನು ಸೊಂಡಿಲಿನಿಂದ ಕೆಡವಿ ಕಾಲಿನಿಂದ ತುಳಿದುಬಿಡುತ್ತದೆ.

ಸ್ಕಾಟನು ನಮ್ಮ ದೇಶಕ್ಕೆ ಬಂದವನಲ್ಲ. ಇಲ್ಲಿ ಸೈನ್ಯದಲ್ಲಿದ್ದು ಹಿಂದಿರುಗಿದ ನೆರೆಯವನಾದ ಕರ್ನಲ್ ಜೇಮ್ಸ್ ಫರ್ಗುಸನ್ ಹೇಳಿದ್ದನ್ನು ಕೇಳಿ ಬರೆದನು. ಆದುದರಿಂದ ಅವನ ಬೆಂಗಳೂರಿನಲ್ಲಿ ಹೂದೋಟಗಳಿವೆ, ಡೇರೆಗಳಿವೆ, ಆನೆಗಳಿವೆ. ಕನ್ನಡವಾಡುವ ಒಂದು ಪ್ರಾಣಿಯೂ ಇಲ್ಲ. ಟೀಪುವಿನ ಚಿತ್ರವು ಅಂದಿನ ಇಂಗ್ಲಿಷರ ಕಣ್ಣಿಗೆ ಕಂಡಂತಿದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಇಪ್ಪತ್ತೆಂಟು ವರ್ಷಗಳಾಗಿದ್ದರೂ ಆ ಭಯವು ಅವರಿಗೆ ಆರಿರಲಿಲ್ಲವೆಂದು ತೋರುತ್ತದೆ. ಹಾಗಿದ್ದರೂ ಕಥೆಯ ಅಂತ್ಯದಲ್ಲಿ ಧರ್ಮವನ್ನು ಎತ್ತಿ ಹಿಡಿಯುವವನು ಹೈದರನೇ. ಮಾತನ್ನು ಮಾರಿದವನು ಸ್ಕಾಟ್ಲೆಂಡಿನವನು. ತಾನು ಬರೆಯದ ಗ್ರಂಥಗಳ ಮೇಲೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಹಗಲಿರುಳು ಹೆಣಗುತ್ತಿದ್ದವನ ಲೇಖನಿಯಿಂದ ಇದು ಬಂದಿತೆಂಬುದನ್ನು ನೆನೆದಾಗ ಆನೆಯ ಆ ಪ್ರಸಂಗವನ್ನು ನಾವು ಬೇರೆ ಮನಸ್ಸಿನಿಂದ ಓದಿದೆವು. ಆತುರದ ಬರಹವೆಂಬುದು ನಿಜ. ಹಳ್ಳಿಯ ಭಾಗವು ನಿಧಾನವಾಗಿ ಬೆಳೆದು, ಇಲ್ಲಿಯ ಭಾಗವು ಗಾಡಿ ತಪ್ಪೀತೆಂಬವನಂತೆ ಓಡುತ್ತದೆ.

ಮೆನೀ ಏನಾದಳೆಂದು ಮನೆಯಲ್ಲಿ ಎಲ್ಲರೂ ಕೇಳಿದರು. ಹಾರ್ಟ್‌ಲಿಯನ್ನು ಆಕೆ ವರಿಸಲಿಲ್ಲ. ಅವನು ಸುಮಾರು ಎರಡು ವರ್ಷಗಳ ತರುವಾಯ ರೋಗಿಗಳ ಶುಶ್ರೂಷೆಯಲ್ಲಿ ತಾನೇ ರೋಗ ತಗುಲಿ ಸತ್ತನು. ಆಕೆ ತನ್ನ ಹಳ್ಳಿಗೆ ಹಿಂದಿರುಗಿ ಒಂಟಿಯಾಗಿ ಬಾಳಿದಳು.

1829ರಿಂದ ಸ್ಕಾಟನ ಹಳೆಯ ಕಾದಂಬರಿಗಳೆಲ್ಲ ಹೊಸ ಪೀಠಿಕೆ, ಟಿಪ್ಪಣಿಗಳೊಡನೆ ತಿಂಗಳಿಗೊಂದು ಸಂಪುಟದಂತೆ ಐದೈದು ಷಿಲಿಂಗಿಗೆ ಬರತೊಡಗಿದುವು. ಮೊದಲು ‘ಐವನ್‌ಹೋ’ವಿಗೆ ಮೂವತ್ತು ಷಿಲಿಂಗು ತೆರಬೇಕಾಗಿತ್ತು. ಈಗ ಸಾಧಾರಣ ಗೃಹಸ್ಥರೂ ಕೊಂಡರು. ಸಾಲ ಇಳಿದುದು ಮುಖ್ಯವಾಗಿ ಇದರಿಂದ. 1830ರ ಡಿಸೆಂಬರಿನಲ್ಲಿ ಸಾಲಿಗರು ಸಭೆ ಸೇರಿ, ಅವನ ಪುಸ್ತಕಭಂಡಾರವನ್ನೂ ಮನೆಯ ಸಾಮಾನುಗಳನ್ನೂ ಗೌರವಪೂರ್ವಕವಾಗಿ ಅವನಿಗೇ ಹಿಂದಕ್ಕೆ ಕೊಟ್ಟರು. ಅಷ್ಟರಲ್ಲಿ ಪಾರ್ಶ್ವವಾಯು ಹೊಡೆದಿತ್ತು. 1831ರಲ್ಲಿ ಸರಕಾರದ ಯುದ್ಧನೌಕೆಯೊಂದರಲ್ಲಿ ಮಾಲ್ಟಾ ದ್ವೀಪಕ್ಕೆ ಹೋದನು, ಅಲ್ಲಿಂದ ಇಟಲಿಗೆ. ನಡುಗುವ ಕೈಯಿಂದ ‘ಮಾಲ್ಟಾದ ಮುತ್ತಿಗೆ’ ಎಂಬ ಹೊಸ ಕಾದಂಬರಿಯನ್ನು ಬರೆಯುತ್ತಲೇ ಇದ್ದನು. 1832ರ ಸೆಪ್ಟೆಂಬರ್ 21ರಂದು ಅಬಟ್ಸ್‌ಫರ್ಡಿನಲ್ಲಿ ಕಣ್ಣುಮುಚ್ಚಿದನು. ಜೀವವಿಮೆಯ ಹಣದಿಂದಲೂ, ಗ್ರಂಥಸ್ವಾಮ್ಯದ ಮೇಲೆ ಪ್ರಕಾಶಕ ಕ್ಯಾಡೆಲನು ಕೊಟ್ಟ ಹಣದಿಂದಲೂ 1833ರಲ್ಲಿ ಸಾಲಿಗರ ಲೆಕ್ಕ ತೀರಿತು.

ಬಾಣನು ಅರ್ಧಕ್ಕೆ ಬಿಟ್ಟ ಕಾದಂಬರಿಯನ್ನು ಮಗನು ಪೂರ್ಣಗೊಳಿಸಿದನು. ಸ್ಕಾಟನ ಮಾಲ್ಟಾದ ಕಥೆಯು ಬಹುಕಾಲ ಹಸ್ತಪ್ರತಿಯಲ್ಲಿಯೇ ಉಳಿಯಿತು. ಕೈಬರಹವನ್ನು ಓದುವುದೇ ಪ್ರಯಾಸವಾಗಿದ್ದ ಆ ಹಾಳೆಗಳು ಕಡೆಗೆ 2008ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ, ಇದ್ದದ್ದು ಇದ್ದಂತೆಯೇ ಹೊರಬಂದುವು. ‘ಬರಲಿರುವ’ ಆ ಗ್ರಂಥಕ್ಕೆ ವಾಚಕರು ನೂರೆಪ್ಪತ್ತಾರು ವರ್ಷ ಕಾಯಬೇಕಾಯಿತು. ನಾವು ಅದನ್ನು ಇನ್ನೂ ಓದಿಲ್ಲ; ‘ವೈದ್ಯನ ಮಗಳ’ನ್ನು ಮಾತ್ರ ಎರಡನೆಯ ಬಾರಿ ಓದುತ್ತಿದ್ದೇವೆ.