ಮುಳುಗಿದ ದೋಣಿ ಎಂಜಿನ್ನಿನ ರಕ್ಷಣೆ

ಮುಂಬಯಿಯ ಪವಾಯಿ ಕೆರೆಯು 1891ರಲ್ಲಿ ಕುಡಿಯುವ ನೀರಿಗಾಗಿ ನಿರ್ಮಾಣಗೊಂಡಿತು. ಅದರ ಕೋಡಿಯ ನೀರು ಮಿಠಿ ನದಿಯಾಗಿ ಹರಿದು ಮಾಹಿಮ್ ಬಳಿ ಸಮುದ್ರವನ್ನು ಸೇರುತ್ತದೆ. ಮೇಲ್ತುದಿಯಲ್ಲಿ ಸಿಹಿನೀರು, ಕೆಳತುದಿಯಲ್ಲಿ ಉಪ್ಪುನೀರು. ದೋಣಿಯ ಹಿಂಬದಿಗೆ ಬಿಗಿಯುವ ಔಟ್‌ಬೋರ್ಡ್ ಎಂಜಿನ್ ಎರಡರಲ್ಲಿ ಯಾವುದರಲ್ಲಿ ಮುಳುಗಿದರೂ ಕೆಡುತ್ತದೆ. ಉಪ್ಪುನೀರಿನಲ್ಲಿ ಇನ್ನೂ ಬೇಗ ಕೆಡುತ್ತದೆ. ಮೀನುಗಾರನಿಗೆ ಇದು ಜೀವನೋಪಾಯದ ಪ್ರಶ್ನೆ.

ಮೇಲೆತ್ತುವುದಕ್ಕೆ ನೀರಿಗೆ ಧುಮುಕುವುದು ತರವಲ್ಲ. ಪವಾಯಿಯಲ್ಲಂತೂ ಮೊಸಳೆಗಳಿವೆ. ಹಗ್ಗಕ್ಕೆ ಕಟ್ಟಿದ ಕೊಕ್ಕೆಯೇ ಮೇಲು.

ಮೇಲೆತ್ತಿದ ಎಂಜಿನ್ನನ್ನು ಬಿಸಿಲಿನಲ್ಲಿಟ್ಟು ಒಣಗಿಸುವುದು ಬಹುಮಂದಿ ಮಾಡುವ ತಪ್ಪು. ನೀರಿನಡಿಯಲ್ಲಿ ಆಮ್ಲಜನಕವು ಕಡಿಮೆಯಾದುದರಿಂದ ತುಕ್ಕು ನಿಧಾನವಾಗಿ ಹಿಡಿಯುತ್ತದೆ. ಹೊರಬಂದ ಬಳಿಕ ಒದ್ದೆಯಾದ ಬೇರಿಂಗುಗಳಿಗೆ ಗಾಳಿ ತಾಗಿ, ಕೆಲವೇ ಗಂಟೆಗಳಲ್ಲಿ ಹಾನಿ ಆರಂಭವಾಗುತ್ತದೆ. ಕೂಡಲೇ ಬಿಚ್ಚಿ ಶುಚಿಗೊಳಿಸಲು ಅನುಕೂಲವಿಲ್ಲದಿದ್ದರೆ, ಎಂಜಿನ್ನನ್ನು ಪೀಪಾಯಿಯ ಸಿಹಿನೀರಿನಲ್ಲಿ ಮತ್ತೆ ಮುಳುಗಿಸಿಡಬೇಕು. ವಿಚಿತ್ರವೆನಿಸಿದರೂ ಇದೇ ಕ್ಷೇಮಕರ.

ಓಡುತ್ತಿರುವಾಗಲೇ ಮುಳುಗಿದ ಎಂಜಿನ್ನಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ನೀರನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾಗದು. ಸಿಲಿಂಡರಿನೊಳಗೆ ನುಗ್ಗಿದ ನೀರು ಪಿಸ್ಟನ್ನನ್ನು ತಡೆದು ಕನೆಕ್ಟಿಂಗ್ ರಾಡನ್ನು ಬಗ್ಗಿಸಿರಬಹುದು. ಫ್ಲೈವೀಲನ್ನು ಕೈಯಿಂದ ತಿರುಗಿಸುವಾಗ ಬಿಗಿಯಾಗಿ ತೋರಿದರೆ ಅಥವಾ ಉಜ್ಜುವ ಸದ್ದು ಕೇಳಿಸಿದರೆ, ಬಲವನ್ನು ಪ್ರಯೋಗಿಸದೆ ಮೆಕ್ಯಾನಿಕನಿಗೆ ಒಪ್ಪಿಸತಕ್ಕದ್ದು.

ಸಲೀಸಾಗಿ ತಿರುಗಿದಲ್ಲಿ ಮುಚ್ಚಳವನ್ನು ತೆಗೆದು ಸಿಹಿನೀರಿನಿಂದ ಕೆಸರನ್ನೂ ಉಪ್ಪನ್ನೂ ತೊಳೆಯಬೇಕು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಅವುಗಳ ರಂಧ್ರಗಳು ಕೆಳಮುಖವಾಗುವಂತೆ ಎಂಜಿನ್ನನ್ನು ಒರಗಿಸಿ, ಫ್ಲೈವೀಲನ್ನು ಮೆಲ್ಲನೆ ತಿರುಗಿಸಿದರೆ ನೀರು ಹೊರಬರುತ್ತದೆ. ಕಾರ್ಬ್ಯುರೇಟರನ್ನೂ ಇಂಧನದ ಕೊಳವೆಗಳನ್ನೂ ಬರಿದುಮಾಡಿ, ನೀರು ಸೇರಿದ ಹಳೆಯ ಇಂಧನವನ್ನು ಬಳಕೆಯಿಂದ ಕೈಬಿಡಬೇಕು, ಕೆರೆಗೆ ಸುರಿಯಲಾಗದು. ಉಳಿದ ತೇವವು ಸ್ಪಿರಿಟ್ಟಿನೊಂದಿಗೆ ಬೆರೆತು ಹೊರಬರುತ್ತದೆ. ಸ್ಪಿರಿಟ್ಟನ್ನು ಬಳಸುವಾಗ ಹತ್ತಿರದಲ್ಲಿ ಬೆಂಕಿಯಿರಕೂಡದು. ಆನಂತರ ಸಿಲಿಂಡರುಗಳಿಗೆ ಎಣ್ಣೆ ಹಾಕಿ ಮತ್ತೆ ತಿರುಗಿಸಬೇಕು. ವಿದ್ಯುತ್ ಭಾಗಗಳನ್ನು ತೊಳೆದು ಚೆನ್ನಾಗಿ ಒಣಗಿಸಬೇಕು.

ಟೂ ಸ್ಟ್ರೋಕ್ ಎಂಜಿನ್ನಾದರೆ ಹೊಸ ಪೆಟ್ರೋಲಿಗೆ ವಾಡಿಕೆಗಿಂತ ಎರಡರಷ್ಟು ಎಣ್ಣೆ ಬೆರೆಸಿ, ಹೊಸ ಪ್ಲಗ್ಗುಗಳನ್ನು ಜೋಡಿಸಿ, ತಂಪುಗೊಳಿಸುವ ನೀರು ದೊರೆಯುವಂತೆ ಪೀಪಾಯಿಯಲ್ಲಿರಿಸಿ ಅರ್ಧ ಗಂಟೆಯಾದರೂ ಓಡಿಸಬೇಕು. ಒಳಗಿನ ತೇವವು ಆ ಶಾಖಕ್ಕೇ ಆರುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸಿನ ಎಣ್ಣೆಯನ್ನೂ ಫಿಲ್ಟರನ್ನೂ ಮೊದಲೇ ಬದಲಾಯಿಸಿ, ಸ್ವಲ್ಪ ಓಡಿಸಿದ ಬಳಿಕ ಎಣ್ಣೆಯನ್ನು ಪುನಃ ಬದಲಾಯಿಸಬೇಕಾಗುತ್ತದೆ. ಎಣ್ಣೆಯು ಹಾಲಿನಂತೆ ಬೆಳ್ಳಗೆ ಕಾಣುವುದು ನಿಲ್ಲುವವರೆಗೂ ಈ ಕ್ರಮವನ್ನು ಮುಂದುವರಿಸತಕ್ಕದ್ದು.